ತೊಗರ್ಸಿಯಲ್ಲಿ ನಮ್ಮೆತ್ತಿಗೆ ಜೋಡಿ

"ನಿಮ್ ಜೋಡಿ ಯಾರ್ ಯಾರ್ ಬಂದಾರ್ರೀ?" ತೊಗರ್ಸಿಗೆ ಬಂದಿಳಿದ ದಿನವೇ ಪಕ್ಕದ ಮನೆಯ ಗಂಗವ್ವ ಕೇಳಿದಳು.

"ಜೋಡಿ ಎಲ್ಲಿಂದ ಬರ್ಬೇಕು? ಒಂದೇ ಎತ್ತು ಬಂದಿರದು" ಎಂದೆ.

ಅವಳು ನಕ್ಕಳು. ಇಲ್ಲಿ ಜೋಡಿ ಎಂದರೆ ಜೊತೆಗೆ ಅಂತಲೂ ಆಗುತ್ತದಂತೆ. ನಮ್ಮ ಸೊರಬದ ಕಡೆ ಗಂಡ ಹೆಂಡಿರೂ ಜೋಡಿ, ಕೈಬಳೆಯೂ ಜೋಡಿ. ಆದರೆ ಬರೀ ಜೋಡಿ ಎಂದರೆ ಮೊದಲು ಕಣ್ಣಿಗೆ ಬರುವುದು ನೊಗದ ಕೆಳಗಿನ ಎರಡೆತ್ತು.

ನಮ್ಮ ಮನೆಯ ಆ ಜೋಡಿಯನ್ನು ಮಕ್ಕಳ ಪಾಲಿನಲ್ಲಿ ಒಡೆದೆವು. ಕುಬಟೂರಿನ ಗದ್ದೆ, ಒಂದೆತ್ತು ದೊಡ್ಡ ಮಗನಿಗೆ. ಇನ್ನೊಂದೆತ್ತು ಮತ್ತು ಅವ್ವನಾದ ನಾನು ಚಿಕ್ಕವನಿಗೆ. ಹೆಂಡತಿಯ ತವರಿನವರು ಕೊಟ್ಟ ಹೊಲ ಮಾಡಲು ಅವನು ಇಲ್ಲಿಗೆ ಬಂದ. ಅಲ್ಲಿ ಕೆಸರು, ಭತ್ತ, ಗಂಜಿ. ಇಲ್ಲಿ ಒಣಮಣ್ಣು, ಈಗ ಎಲ್ಲರೂ ಹಿಡಿದಿರುವ ಮೆಕ್ಕೆಜೋಳ, ಊಟಕ್ಕೆ ರೊಟ್ಟಿ. ಸೊಸೆ ಬಡಿದದ್ದನ್ನು ಸಾರಿನಲ್ಲಿ ಅದ್ದಿಟ್ಟು ತಿನ್ನುತ್ತೇನೆ. ಹಲ್ಲಿಲ್ಲ.

ಮಳೆ ಬಿತ್ತು. ಮಣ್ಣಿನ ಹದ ಆರಿದರೆ ಬಿತ್ತನೆ ಹೋಯಿತು. ಒಂಟಿ ಎತ್ತಿನಿಂದ ಬೀಜ ಬಿತ್ತುವ ಕೂರಿಗೆ ಎಳೆಯಲಾಗದು, ಹೊಸಬರನ್ನು ನಂಬಿ ಎತ್ತು ಕೊಡುವವರು ಯಾರು? ಗಂಗವ್ವನ ಜೋಡಿಯಲ್ಲೂ ಒಂದಕ್ಕೆ ಹಾವು ಕಚ್ಚಿ ಒಂದೇ ಉಳಿದಿತ್ತು. ಎರಡು ಮನೆಯ ಎತ್ತು ಕೂಡಿಸಿ ಮೊದಲು ನಮ್ಮ ಹೊಲ, ಮಾರನೆಯ ದಿನ ಅವಳದು ಎಂದು ಮಾತಾಯಿತು.

ನೊಗ ಇಟ್ಟ ಮೇಲೆ ಗೊತ್ತಾಯಿತು, ಎರಡೂ ಎಡಗಡೆ ಹೂಡಿ ಪಳಗಿದವು. ಯಾರೂ ಕೇಳಿರಲಿಲ್ಲ. ಬಲಕ್ಕೆ ಕಟ್ಟಿದ ನಮ್ಮದು ಅವಳದನ್ನು ತಳ್ಳಿಕೊಂಡು ಎಡಕ್ಕೇ ನುಗ್ಗಿತು.

"ನಿಮ್ಮೆತ್ತಿಗೆ ಸೊರಬದ ದಾರಿ ಕಾಣ್ತೈತಿ ಬಿಡ್ರಿ" ಎಂದಳು ಗಂಗವ್ವ.

"ನಿಮ್ದೇನು, ಬಲಗಡೆ ಅನ್ನದು ಒಂದೈತಿ ಅಂತ ಅದಕ್ಕೆ ಗೊತ್ತೇ ಇಲ್ಲ."

ಕೊನೆಗೆ ಪ್ರಾಯದ್ದೆಂದು ಅವಳ ಎತ್ತನ್ನು ಬಲಕ್ಕೆ ಹಾಕಿ, ಕೂರಿಗೆ ಚಿಕ್ಕವನಿಗೆ ಬಿಟ್ಟು, ಗಂಗವ್ವ ನಾನು ಇಬ್ಬರೂ ಮುಂದೆ ಹಗ್ಗ ಹಿಡಿದು ನಡೆದೆವು. ಸಾಲೆಲ್ಲ ಸೊಟ್ಟ. ಬೀಜವಂತೂ ಬಿತ್ತು.

ಅದೇ ಸಂಜೆ ದೊಡ್ಡ ಮಗ ಬಸ್ಸಿಳಿದು ಬಂದ. ಅವನ ಎತ್ತೂ ಒಂಟಿ, ಗದ್ದೆ ಉಳದೆ ಬಿದ್ದಿದೆ.

"ಅವ್ವ, ಜೋಡಿ ಒಡೀಬಾರ್ದಿತ್ತು. ಆ ಎತ್ತು ಕೊಡು, ದುಡ್ಡು ತಮ್ಮಂಗೆ ಕೊಡ್ತೀನಿ. ನೀನೂ ಬಾ."

ಚಿಕ್ಕವನು ನನ್ನ ಮುಖ ನೋಡಿದ. ದೊಡ್ಡವನು ಹೇಳಿದ್ದು ಸುಳ್ಳಲ್ಲ. ನಾನು ಮದುವೆಯಾಗಿ ಹೋದಾಗಿನಿಂದ ನೆಟ್ಟ ಗದ್ದೆ ಅದು. ಹಿತ್ತಲ ಬೇಲಿಯಾಚೆ ಗಂಗವ್ವ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ನಾಳೆ ಗಂಗವ್ವನ ಹೊಲ ಬಿತ್ತಬೇಕು" ಎಂದೆ.

"ನಾಡಿದ್ದು?" ಎಂದ ದೊಡ್ಡವನು.

"ಕೈ ತೊಳಕಾ, ಉಣ್ಣು" ಎಂದು ಒಳಗೆ ಹೋದೆ.