ಸೋಮವಾರದಿಂದ ಗಣವೇಷ

ನನ್ನ ಮಗಳು ಒಂದು ಸೋಮವಾರ ಬೆಳಿಗ್ಗೆ ಮುಖ ಕೈಗಳಿಗೆಲ್ಲ ವಿಭೂತಿ ಬಳಿದುಕೊಂಡು, ಕೂದಲು ಬಿಚ್ಚಿ ಹರಡಿಕೊಂಡು, ಸೊಂಟಕ್ಕೆ ಅಜ್ಜಿಯ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಶಾಲೆಗೆ ಹೋದಳು. ಇಷ್ಟು ಖಚಿತ. ಮಿಕ್ಕಿದ್ದನ್ನು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ಹೇಳುವುದೂ ಪ್ರತಿ ಸಲ ಸ್ವಲ್ಪ ಬದಲಾಗುತ್ತದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದರೆ ಎಲ್ಲರೂ ನಗುತ್ತಾರೆ, ನಕ್ಕ ಕಡೆಯಲ್ಲೆಲ್ಲ ಮುಂದಿನ ಸಲ ಒಂದಿಷ್ಟು ಸೇರಿಸುತ್ತೇನೆ. ಹೀಗೆ ಅದು ದಿನೇ ದಿನೇ ಒಳ್ಳೆಯ ಕತೆಯಾಗುತ್ತಾ ಬಂದು ನನಗೇ ಅದರ ಮೇಲೆ ಅನುಮಾನ ಶುರುವಾಗಿದೆ. ಸೇರಿಸಿದ್ದನ್ನು ಕಳೆದು ಬರೆಯಲು ಸಾಧ್ಯವೇ ಎಂದು ಇಲ್ಲಿ ನೋಡುತ್ತಿದ್ದೇನೆ.

ಮುಂಬಯಿಗೆ ಬಂದ ಮೇಲೆ ನಮಗದು ಎರಡನೆಯ ಮಳೆಗಾಲ. ನಾನು ಮೈಸೂರಿನವನು, ಫೋರ್ಟಿನಲ್ಲಿ ಬ್ಯಾಂಕಿನ ಕೆಲಸ. ಹೆಂಡತಿ ಉಡುಪಿಯ ಕಡೆಯವಳು, ವಿಲೆ ಪಾರ್ಲೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದಾಳೆ. ಮನೆ ಬೊರಿವಲಿಯಲ್ಲಿ. ಮಗಳನ್ನು ಮನೆ ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿದ್ದು ನನ್ನ ಹಟ. ಆಗ ಅವಳಿಗೆ ಎರಡನೇ ಕ್ಲಾಸು. ಆ ಕ್ಲಾಸಿನಲ್ಲಿ ಮಕ್ಕಳಿಗಿಂತ ಬೆಂಚು ಹೆಚ್ಚು. ಹೆಂಡತಿಯ ಕಣ್ಣು ಅವಳ ಕಾಲೇಜಿನ ಪಕ್ಕದ ಇಂಗ್ಲಿಷ್ ಶಾಲೆಯ ಮೇಲಿತ್ತು. ಬೆಳಿಗ್ಗೆ ತನ್ನ ಜೊತೆಗೇ ಲೋಕಲ್‌ನಲ್ಲಿ ಕರೆದುಕೊಂಡು ಹೋಗಬಹುದು ಎನ್ನುವುದು ಅವಳ ಲೆಕ್ಕ. ಮಗಳು ಈ ಶಾಲೆಯಲ್ಲಿ ಉಳಿಯುತ್ತಾಳೋ ಆ ಶಾಲೆಗೆ ಹೋಗುತ್ತಾಳೋ ಎಂಬ ಮಾತು ನಮ್ಮಿಬ್ಬರ ನಡುವೆ ಮುಗಿದೇ ಇರಲಿಲ್ಲ.

ಆ ವರ್ಷ ಶಾಲೆಗೆ ಯೂನಿಫಾರ್ಮಿನ ಬಟ್ಟೆ ಬರುವುದು ತಡವಾಯಿತು. ಜೂನ್, ಜುಲೈ ಎರಡೂ ತಿಂಗಳು ಮಕ್ಕಳು ಮನೆಯ ಬಟ್ಟೆಯಲ್ಲೇ ಬಂದರು. ನನಗೆ ಅದು ಬಹಳ ಇಷ್ಟವಾಗಿತ್ತು. ಒಬ್ಬ ಅಣ್ಣನ ಜರ್ಸಿ ಹಾಕಿಕೊಂಡು ಬಂದರೆ ಇನ್ನೊಬ್ಬಳು ಮದುವೆಗೆ ಹೊಲಿಸಿದ ಲಂಗದಲ್ಲಿ ಬರುತ್ತಿದ್ದಳು. ನನ್ನ ಮಗಳು ಒಂದು ಹಳದಿ ಫ್ರಾಕಿಗೆ ಎಷ್ಟು ಅಂಟಿಕೊಂಡಿದ್ದಳೆಂದರೆ ಅದು ಒಣಗುವ ತನಕ ಫ್ಯಾನಿನ ಕೆಳಗೆ ಕೂತು ಕಾಯುತ್ತಿದ್ದಳು. ಸಮವಸ್ತ್ರವೆಂದರೆ ನನಗೆ ಮೊದಲಿನಿಂದಲೂ ಆಗದು. ಕಾರಣ ಕೇಳಿದರೆ, ಮೈಸೂರಿನಲ್ಲಿ ನಾನು ಹಾಕುತ್ತಿದ್ದ ಖಾಕಿ ಚಡ್ಡಿ, ಪ್ರಾರ್ಥನೆಯ ಹೊತ್ತಿಗೆ ಅದರ ಗುಂಡಿ ಕಿತ್ತು ಬಿದ್ದದ್ದು, ಎಂದು ಹೇಳುತ್ತಾ ಬಂದಿದ್ದೇನೆ. ಮೊನ್ನೆ ಅಕ್ಕ ಫೋನಿನಲ್ಲಿ, "ನಿನ್ನದು ನೀಲಿ ಚಡ್ಡಿ ಕಣೋ, ಗುಂಡಿ ಬಿದ್ದಿದ್ದು ಚಿಕ್ಕಪ್ಪನ ಮಗಂದು" ಎಂದಳು. ಇರಬಹುದು. ಸಿಟ್ಟು ಮಾತ್ರ ನನ್ನದೇ.

ಆಗಸ್ಟಿನಲ್ಲಿ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ಹೆಡ್‌ಮಿಸ್ಟ್ರೆಸ್ ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಎಷ್ಟೋ ಕಾಲವಾದರೂ ಅಲ್ಲಿನ ಮಾತು ಬಿಟ್ಟವರಲ್ಲ. ಬಟ್ಟೆ ಇನ್ನೇನು ಬರುತ್ತದೆ, ಬಂದ ಮೇಲೆ ದಿನಾಲೂ ಯೂನಿಫಾರ್ಮ್ ಕಡ್ಡಾಯ ಮಾಡಬೇಕು, ಹಾಕಿಕೊಂಡು ಬರದವರನ್ನು ಮನೆಗೆ ಕಳಿಸಬೇಕು ಎನ್ನುವುದು ಅವರ ವಿಚಾರ. ನಾನು ಎದ್ದು ನಿಂತೆ. ಬಟ್ಟೆ ಕೊಡಲಿ, ಬೇಕಾದವರು ಹಾಕಿಕೊಳ್ಳಲಿ, ಆದರೆ ಅಂಗಿಯ ಬಣ್ಣ ನೋಡಿ ಮಗುವನ್ನು ಗೇಟಿನಿಂದ ತಿರುಗಿಸುವುದು ಸರಿಯಲ್ಲ, ಮಕ್ಕಳನ್ನು ಒಂದೇ ಅಚ್ಚಿನಲ್ಲಿ ಒತ್ತುವುದೇ ಓದಲ್ಲ ಎಂದೆಲ್ಲ ಹೇಳಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ನನ್ನ ನೆನಪು.

ನನ್ನ ಪಕ್ಕ ಕೂತಿದ್ದ ಆಟೋ ಓಡಿಸುವವರೊಬ್ಬರು, ವಿಜಯಪುರದವರು, ತಮ್ಮ ಖಾಕಿ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ಸರ, ಇದ ಇಲ್ಲಂದ್ರ ಸಿಗ್ನಲ್‌ದಾಗ ಹವಾಲ್ದಾರ ನನ್ನ ಬಿಡ್ತಾನೇನ್ರಿ? ಹೋಗ್ಲಿ, ನೀವರೆ ಬ್ಯಾಂಕಿಗೆ ಲುಂಗಿ ಸುತ್ಕೊಂಡು ಹೋಗ್ರಿ ನೋಡೂಣು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಡ್‌ಮಿಸ್ಟ್ರೆಸ್ ನಗಲಿಲ್ಲ. "ಎದುರಿನ ಸಾಲಿ ಮಕ್ಕಳು ಟೈ ಕಟ್ಕೊಂಡು ಹೋಗ್ತಾವ ಸರ. ನಮ್ಮವು ಬಣ್ಣಬಣ್ಣದ ಅಂಗಿ ಹಾಕ್ಕೊಂಡು ಬಂದ್ರ, ಇದು ಸಾಲಿ ಅಂತನ ಬೀದಿ ಮಂದಿಗೆ ತಿಳಿಯೂದಿಲ್ಲ. ಮೊನ್ನೆ ಒಬ್ಬಾಕಿ ಬಂದು ಇಲ್ಲಿ ಟ್ಯೂಶನ್ ಎಷ್ಟೊತ್ತಿಗ್ರಿ ಅಂತ ಕೇಳಿದ್ಲು. ನಮ್ಮದು ಸಾಲಿ ಅಂತ ಕಾಣ್ಬೇಕಲ್ರಿ ಮೊದಲ."

ನಾನು ಕೂತೆ. ಕನ್ನಡ ಶಾಲೆ ಉಳಿಯಬೇಕು ಎಂದು ಮಗಳನ್ನು ಅಲ್ಲಿ ಸೇರಿಸಿದವನು ನಾನು. ಅದು ಉಳಿಯಲು ಶಾಲೆಯಂತೆ ಕಾಣಬೇಕು ಎನ್ನುವವರು ಅವರು. ಸಭೆ ಯಾವ ತೀರ್ಮಾನಕ್ಕೂ ಬರದೆ ಚಹಾಕ್ಕೆ ಮುಗಿಯಿತು. ಮೇಲಿನಿಂದ ಏನು ಆದೇಶ ಬರುತ್ತದೋ ನೋಡೋಣ ಎಂದರು.

ಆದೇಶ ಬಂತು. ಮೇಲಿನಿಂದ ಬರುವುದೆಲ್ಲ ಮರಾಠಿಯಲ್ಲಿ. ಅದುವರೆಗೆ ಹೆಡ್‌ಮಿಸ್ಟ್ರೆಸ್ ಅದನ್ನು ಕನ್ನಡಕ್ಕೆ ಮಾಡಿ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಅವತ್ತು ಯಾವ ಗಡಿಬಿಡಿಯೋ, ಬಂದದ್ದನ್ನು ಹಾಗೆಯೇ ಕಳಿಸಿದರು. 'ಸೋಮವಾರ್ ಪಾಸೂನ್ ಗಣವೇಶ್ ಅನಿವಾರ್ಯ.'

ಇದನ್ನು ಮೊದಲು ಓದಿದವರು ಯಾರು ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಪಾಠಗಳಿವೆ. ನಾನು ರೈಲಿನಿಂದ ಫೋನ್ ಮಾಡಿ ಓದಿ ಹೇಳಿದೆ ಎಂದು ಹೆಂಡತಿ. ಅವಳೇ ಓದಿ ತನ್ನ ಅಮ್ಮನಿಗೆ ಹೇಳುತ್ತಿದ್ದಾಗ ನಾನು ಮನೆಯೊಳಗೆ ಕಾಲಿಟ್ಟೆ ಎಂದು ನಾನು. ಅತ್ತೆ ಆಗ ಉಡುಪಿಯಿಂದ ಬಂದು ನಮ್ಮಲ್ಲಿದ್ದರು. ಅವರ ಪ್ರಕಾರ ಮಗುವೇ ಶಾಲೆಯಿಂದ ಕೇಳಿಕೊಂಡು ಬಂದು ಹೇಳಿತ್ತು. ಅದಂತೂ ಸುಳ್ಳು. ಶುಕ್ರವಾರ, ಶನಿವಾರ ಎರಡೂ ದಿನ ಮಗುವಿಗೆ ಜ್ವರ, ಶಾಲೆಗೇ ಹೋಗಿರಲಿಲ್ಲ. ಆ ಶನಿವಾರವೇ ಅಲ್ಲಿ ಬಟ್ಟೆ ಹಂಚಿದ್ದು. ಅದು ನಮಗೆ ಗೊತ್ತಿರಲಿಲ್ಲ.

ಯಾರು ಓದಿದರೇನು, ಮೂವರೂ ಓದಿಕೊಂಡದ್ದು ಒಂದೇ. ಬರುವ ವಾರ ಚೌತಿ. ಗಣವೇಷ. ಶಾಲೆಯಲ್ಲಿ ಗಣಪತಿಯ ಕಾರ್ಯಕ್ರಮ, ಮಕ್ಕಳು ವೇಷ ಹಾಕಿಕೊಂಡು ಬರಬೇಕು. ಮರಾಠಿಯಲ್ಲಿ ಅದು ಯೂನಿಫಾರ್ಮಿಗೆ ಇರುವ ಮಾತು ಎಂದು ನಮ್ಮಲ್ಲಿ ಯಾರಿಗೂ ತಿಳಿಯದು. 'ವೇಶ' ಎಂದು ಶಕಾರದಲ್ಲಿ ಬರೆದಿದ್ದರು. ಕಾಗುಣಿತ ತಪ್ಪಿದೆ ಎಂದು ನಾನು ಮನಸ್ಸಿನಲ್ಲೇ ತಿದ್ದಿ ಓದಿದೆ. ಇದಷ್ಟು ನನಗೆ ಚೆನ್ನಾಗಿ ನೆನಪಿದೆ.

"ಸೋಮವಾರದಿಂದ ಅಂದರೆ ಹಬ್ಬದ ತನಕ ದಿನಾ ವೇಷವಾ?" ಎಂದಳು ಹೆಂಡತಿ.

"ಎಂತ ಈಗ? ನಮ್ಮಲ್ಲಿ ನವರಾತ್ರಿಗೆ ದಿನಾ ಹಾಕುವುದಿಲ್ಲವಾ?" ಎಂದರು ಅತ್ತೆ. ಮೈಸೂರಿನ ಕಡೆ 'ವೇಷ ಹಾಕಬೇಡ' ಎಂದರೆ ನಾಟಕ ಸಾಕು ಎಂಬ ಬೈಗುಳ. ಅವರ ಊರಿನಲ್ಲಿ ವೇಷ ಕಟ್ಟುವುದು ಗೌರವದ ಕೆಲಸ. ಅವರ ಅಣ್ಣ ಹುಲಿವೇಷ ಹಾಕುತ್ತಿದ್ದವರಂತೆ. ಮುಂಬಯಿಯ ಶಾಲೆಯೊಂದು ವೇಷವನ್ನು ಅನಿವಾರ್ಯ ಮಾಡಿದ್ದು ಅವರಿಗೆ ಬಹಳ ಹಿಡಿಸಿತು. ನಾನು ಗಣಪತಿಯ ಸೊಂಡಿಲಿಗೆ ರಟ್ಟು ಹುಡುಕಲು ಹೊರಟರೆ ತಡೆದರು.

"ಗಣಪತಿ ಅಂತ ಹೇಳಲಿಲ್ಲ ಅಲ್ಲವಾ ಅವರು? ಗಣ ಅಂತ ಅಲ್ಲವಾ? ಎಲ್ಲ ಮಕ್ಕಳೂ ಗಣಪತಿ ಆದರೆ ಶಿವನ ಗಣ ಆಗುವುದು ಯಾರು ಮಾರಾಯ್ರೆ?"

ಹೀಗೆ ಮಗಳು ಶಿವಗಣವಾದಳು. ಕಣ್ಣಿಗೆ ದಪ್ಪ ಕಾಡಿಗೆ, ಹಣೆಯ ಮೇಲೆ ಮೂರನೆಯ ಕಣ್ಣು. ಕನ್ನಡಿ ನೋಡಿಕೊಂಡು ಒಂದು ಸಲ ಕಿರುಚಿ, ತಾನೇ ಹೆದರಿ, ನಕ್ಕಳು.

ಕರೆದುಕೊಂಡು ಹೋದವನು ನಾನು. ಶಾಲೆಯ ತಿರುವು ದಾಟಿದಾಗ ಗೇಟಿನ ಒಳಗೆ ಮಕ್ಕಳು ಪ್ರಾರ್ಥನೆಗೆ ನಿಂತಿದ್ದರು. ಎಲ್ಲರೂ ಹೊಸ ನೀಲಿ, ಹೊಸ ಬಿಳಿ. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ನಾನು ನಿಂತೆ. ಅವಳೂ ನಿಂತಳು.

ಆಫೀಸಿನಲ್ಲಿ ಹೇಳುವಾಗ ಇಲ್ಲಿ ಮಗಳು ಎದೆಯೆತ್ತಿ ಮುಂದೆ ನಡೆದಳು ಎನ್ನುತ್ತೇನೆ. ಅವಳು ನಡೆಯಲಿಲ್ಲ. ನನ್ನ ಪ್ಯಾಂಟನ್ನು ಹಿಂದಿನಿಂದ ಹಿಡಿದು ಮುಖ ಅಡಗಿಸಿದಳು. ಆ ಪ್ಯಾಂಟಿನ ಮೇಲೆ ವಿಭೂತಿಯ ಒಂದು ಮೂಗು, ಒಂದು ಕೆನ್ನೆ ಮೂಡಿದ್ದನ್ನು ಚರ್ಚ್‌ಗೇಟ್‌ನಲ್ಲಿ ಇಳಿದ ಮೇಲೆ ನೋಡಿದೆ.

"ಅಪ್ಪಾ, ಸಬ್ ಲೋಗ್ ನೋಡ್ತಾ ಇದ್ದಾರೆ. ಮನೆಗೆ ಹೋಗೋಣ."

ಶಾಲೆಯ ಆಯಾ ಮಾವಶಿ ಬಾಯಿಗೆ ಸೆರಗು ಹಿಡಿದು, "ಅಗ ಬಾಈ, ಹೇ ಕಾಯ್!" ಎಂದಳು. ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಸಾಲಿನಿಂದ ಯಾರೋ "ಭೂತ್!" ಎಂದರು. ಆಮೇಲೆ ಸಾಲಿಗೆ ಸಾಲೇ. ಹೆಡ್‌ಮಿಸ್ಟ್ರೆಸ್ ನನ್ನನ್ನೂ ಅವಳನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

"ಸರ, ನಿಮ್ಮ ವಿರೋಧ ಅದ ಅಂತ ನನಗ ಗೊತ್ತದ. ಸಭಾದಾಗ ಹೇಳ್ರಿ, ಮ್ಯಾಲ ಬರೀರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಸಣ್ಣ ಕೂಸಿನ್ನ ಮುಂದ ಮಾಡಿ ಹಿಂಗ ಪ್ರತಿಭಟನಾ ಮಾಡೂದು ಛಲೋ ಅಲ್ರಿ."

ಪ್ರತಿಭಟನೆ! ಒಂದು ಗಳಿಗೆ ಆ ಮಾತು ನನಗೆ ರುಚಿಸಿತು ಎಂದೇ ಬರೆಯಬೇಕು. ಎಷ್ಟೋ ಕಾಲದಿಂದ ಬಾಯಿಮಾತಿನಲ್ಲಿದ್ದದ್ದು ಕೊನೆಗೂ ಬೀದಿಗೆ ಬಂದ ಹಾಗೆ. ಆದರೆ ಮಗಳ ಮೂರನೆಯ ಕಣ್ಣು ಆಗಲೇ ಕೆನ್ನೆಯ ತನಕ ಇಳಿದಿತ್ತು. ನಾನು ಫೋನ್ ತೆಗೆದು ಮೆಸೇಜ್ ತೋರಿಸಿದೆ. ಗಣ, ವೇಷ, ಚೌತಿ, ಅತ್ತೆ ಎಂದು ಬಿಡಿಸಿ ಹೇಳಿದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ನಗು ತಡೆಯಲಾಗದೆ ಟೇಬಲ್ಲಿನ ಮೇಲೆ ತಲೆಯಿಟ್ಟುಬಿಟ್ಟರು. "ತಪ್ಪು ನಂದರಿ, ಕನ್ನಡದಾಗ ಹಾಕಬೇಕಿತ್ತು," ಎಂದು ಕಣ್ಣೊರೆಸಿಕೊಂಡು, ಕಪಾಟಿನಿಂದ ಮಗಳ ಪಾಲಿನ ಹೊಸ ಬಟ್ಟೆ ತೆಗೆದು ಮಾವಶಿಯ ಕೈಗೆ ಕೊಟ್ಟರು.

ಮುಖ ತೊಳೆದು ಬಟ್ಟೆ ಬದಲಿಸಿ ಬಂದವಳನ್ನು ಮಾವಶಿ ಸಾಲಿಗೆ ಸೇರಿಸಿದಳು. ನಾನು ಗೇಟಿನಿಂದ ತಿರುಗಿ ನೋಡಿದೆ. ಯಾವುದು ನನ್ನ ಮಗು ಎಂದು ಗೊತ್ತಾಗಲಿಲ್ಲ. ಸಭೆಯಲ್ಲಿ ನಾನು ಬೇಡ ಎಂದದ್ದು ಇದನ್ನೇ. ಅವತ್ತು ಮಾತ್ರ ಸಮಾಧಾನವಾಯಿತು.

ಮರುದಿನದಿಂದ ಅವಳಿಗೆ ಹೊಟ್ಟೆನೋವು. ತರಗತಿಯಲ್ಲಿ ಅವಳ ಹೆಸರು ಭೂತ ಆಗಿತ್ತು. "ಭೂತ ಅಂತ ಹೇಳಿದರೆ ಕೈ ಮುಗಿಯಲಿಕ್ಕೆ ಹೇಳು ಅವರಿಗೆ. ನಮ್ಮಲ್ಲಿ ಭೂತ ಅಂದರೆ ದೈವ, ಸಣ್ಣ ಮಾತಾ?" ಎಂದು ಅತ್ತೆ ಧೈರ್ಯ ಹೇಳಿದರು. ಮಗಳು ಇನ್ನಷ್ಟು ಅತ್ತಳು. ಹೆಂಡತಿ ಜೋರಾಗಿ ಮಾತಾಡುವವಳಲ್ಲ. ಪಾತ್ರೆ ಒರೆಸುತ್ತಾ ಹೇಳಿದಳು.

"ನಿಮ್ಮ ಕನ್ನಡಕ್ಕೆ ಅವಳನ್ನು ಎಷ್ಟು ಸಮಯ ಕಾವಲು ನಿಲ್ಲಿಸುವುದು? ಶನಿವಾರ ಆ ಶಾಲೆಯವರು ಬರಲಿಕ್ಕೆ ಹೇಳಿದ್ದಾರೆ. ನಾನು ಕರೆದುಕೊಂಡು ಹೋಗುತ್ತೇನೆ. ನೀವು ಬಂದರೆ ಬನ್ನಿ."

ನಾನೂ ಹೋದೆ. ಪಾರ್ಲೆಯ ಆ ಶಾಲೆ ನಿಜಕ್ಕೂ ಚೆನ್ನಾಗಿತ್ತು. ಮರದ ನೆರಳು, ತೊಳೆದ ಮೆಟ್ಟಿಲು. ಮಕ್ಕಳು ಟೈ, ಬೆಲ್ಟು, ಜೇಬಿನ ಮೇಲೆ ಪಟ್ಟಿ. ಒಬ್ಬರು ಟೀಚರ್ ಮಗಳನ್ನು ಮಡಿಲ ಹತ್ತಿರ ಎಳೆದುಕೊಂಡು ಹೆಸರು ಕೇಳಿದರು, ಹೇಳಿದಳು. ಹಣ್ಣಿನ ಚಿತ್ರ ತೋರಿಸಿದರು, ಇಂಗ್ಲಿಷಿನಲ್ಲೇ ಹೇಳಿದಳು. ಹೆಂಡತಿ ನನ್ನ ಕಡೆ ನೋಡಲಿಲ್ಲ. ಗೆದ್ದವರು ನೋಡದೆ ಇರುವ ಹಾಗೆ ನೋಡಲಿಲ್ಲ ಎಂದು ಬರೆದು ಹೊಡೆದುಹಾಕುತ್ತಿದ್ದೇನೆ. ಅವಳಿಗೆ ಗೆಲ್ಲುವುದು ಬೇಕಿರಲಿಲ್ಲ, ಮಗುವಿನ ಹೊಟ್ಟೆನೋವು ನಿಲ್ಲಬೇಕಿತ್ತು.

ವಾಪಸ್ ಬರುವಾಗ ಲೋಕಲ್ ಖಾಲಿಯಿತ್ತು. ಮಗಳು ಕಿಟಕಿಯ ಪಕ್ಕ ಕೂತಳು. ಅಂಧೇರಿ ದಾಟಿದ ಮೇಲೆ ಕೇಳಿದಳು.

"ಅಮ್ಮ, ಅಲ್ಲಿ ಎಲ್ಲರ ಜೇಬಿನ ಮೇಲೆ ಎಂತ ಬರೆದದ್ದು?"

"ಹೆಸರು. ಎಲ್ಲರದ್ದೂ ಹೆಸರು, ಕ್ಲಾಸು."

"ನನ್ನದೂ ಬರೀತಾರಾ?"

"ಹೌದು. ಚಂದ ಉಂಟಲ್ಲ?"

ಜೋಗೇಶ್ವರಿ ಬಂತು, ಹೋಯಿತು. "ನಂಗೆ ಹಳೇ ಸ್ಕೂಲೇ ಬೇಕು. ಅಲ್ಲಿ ಡ್ರೆಸ್ ಮೇಲೆ ಹೆಸರಿಲ್ಲ."

ಹೆಂಡತಿ ಅವಳನ್ನು ತಿರುಗಿಸಿ ಕೇಳಿದಳು. "ಅಲ್ಲಿ ಮಕ್ಕಳು ಭೂತ ಅಂತಾರೆ ಅಂತ ನೀನೇ ಹೇಳಿದ್ದಲ್ಲವಾ?"

"ಅದು ನನ್ನ ನೋಡಿದಾಗ. ಸಾಲಲ್ಲಿ ನಿಂತ್ರೆ ಯಾರಿಗೂ ಪತಾ ನಹೀ ಚಲ್ತಾ, ನಾನು ಯಾರು ಅಂತ."

ಆಗ ನನಗೆ ಖುಷಿಯಾಗಬೇಕಿತ್ತು. ಶಾಲೆ ಉಳಿಯಿತು, ಕನ್ನಡ ಉಳಿಯಿತು, ನನ್ನ ಹಟ ಉಳಿಯಿತು. ಹೆಂಡತಿಗೂ ಸಿಟ್ಟು ಬಂದಂತೆ ಕಾಣಲಿಲ್ಲ. ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾ, "ಸರಿ, ಅವಳೇ ಹೇಳಿದ ಮೇಲೆ ಮುಗಿಯಿತು," ಎಂದಳು. ಏಳು ವರ್ಷಕ್ಕೇ ಒಂದು ಮಗು, ಕಾಣದೆ ಇರಬಹುದು ಎನ್ನುವ ಕಾರಣಕ್ಕೆ ಒಂದು ಜಾಗವನ್ನು ಆರಿಸಿಕೊಂಡದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಈ ಹೊತ್ತಿಗೂ ಗೊತ್ತಿಲ್ಲ. ಯೂನಿಫಾರ್ಮ್ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ಹಳೆಯ ಉತ್ತರವನ್ನೇ ಕೊಡುತ್ತೇನೆ, ದನಿ ಮಾತ್ರ ಮೊದಲಿನಷ್ಟು ಏರುವುದಿಲ್ಲ. ಹಳದಿ ಫ್ರಾಕನ್ನು ಅವಳು ಆಮೇಲೆ ಮುಟ್ಟಲಿಲ್ಲ. ಹೆಂಡತಿ ಅದು ಗಿಡ್ಡವಾಗಿತ್ತು ಎನ್ನುತ್ತಾಳೆ.

ಸೋಮವಾರ ಅವಳು ತಾನಾಗಿಯೇ ಎದ್ದು ನೀಲಿ ಬಿಳಿ ಹಾಕಿಕೊಂಡಳು. ಹೊಟ್ಟೆನೋವಿನ ಮಾತಿಲ್ಲ. ಶಾಲೆಯ ತಿರುವಿನಲ್ಲಿ ವಡಾಪಾವ್ ಗಾಡಿಯ ಹತ್ತಿರ ನನ್ನ ಕೈ ಬಿಟ್ಟಳು.

"ನೀನು ಇಲ್ಲೇ ನಿಲ್ಲು ಅಪ್ಪಾ. ಇಲ್ಲಿಂದ ನಾನೇ ಹೋಗ್ತೀನಿ."

"ಯಾಕೆ? ಗೇಟ್ ತನಕ ಬರ್ತೀನಿ."

"ಬೇಡ. ನೀನು ಬಂದ್ರೆ ಎಲ್ಲರಿಗೂ ನಾನು ಯಾರು ಅಂತ ಗೊತ್ತಾಗುತ್ತೆ."

ಗೇಟಿನ ಕಡೆ ಹೋಗುತ್ತಿದ್ದ ನೀಲಿ ಬಿಳಿಯ ಗುಂಪು ಹತ್ತಿರ ಬರುವ ತನಕ ಕಾದು, ಅದರೊಳಗೆ ಸೇರಿಕೊಂಡಳು. ನಾನು ಅವಳು ಹೇಳಿದಲ್ಲೇ ನಿಂತೆ.