ಒಣ ಕಾರಿಗೆ ಒಂದು ಸುತ್ತು

ಬೆಳಗಿನ ಐದು ಗಂಟೆ. ಮಣಿಪಾಲದ ಎಂಡ್ ಪಾಯಿಂಟ್ ರಸ್ತೆಯ ಕಡೆಯ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ. ಭಾಗವ್ವ ತುಂಬಿದ ಬಕೆಟ್ಟನ್ನು ಕಂಬದ ಬುಡದಲ್ಲಿಟ್ಟು, ನೀರನ್ನು ಮುಟ್ಟದೆ, ಬಿಳಿ ಕಾರೊಂದರ ಸುತ್ತ ನಡೆಯುತ್ತಿದ್ದಾರೆ. ಎರಡೂ ಕೈ ಬೆನ್ನ ಹಿಂದೆ. ಕಣ್ಣು ಕಾರಿನ ಮೈಮೇಲೆ. ಬಾಯಿ ಮಾತ್ರ ಬಿಡುವಿಲ್ಲದೆ ಆಡುತ್ತಿದೆ.

“ಎಡಗಡೆ ಕನ್ನಡಿ ಕೆಳಗ ಒಂದು. ಹಿಂದಿನ ಬಾಗಿಲಿಗೆ ಎರಡು, ಒಂದು ಉದ್ದಂದು, ಒಂದು ಗಿಡ್ಡಂದು. ಬಂಪರಿಗೆ ನಗ್ಗು. ನಂಬರ್ ಪ್ಲೇಟಿನ ಮೂಲಿ ಮುರದೈತಿ.”

ಕೇಳುವವರು ಯಾರೂ ಇಲ್ಲ. ಸುತ್ತು ಮುಗಿದ ಮೇಲೆಯೇ ಮೊದಲ ಚೊಂಬು ನೀರು ಬೀಳುತ್ತದೆ. ಗೇಟಿನ ಕಾವಲಿಗಿರುವ ಡೊಮಿನಿಕ್ ಇದನ್ನು ಮೊದಲ ಸಲ ಕೇಳಿದ ದಿನವನ್ನು ನೆನೆದು ಈಗಲೂ ನಗುತ್ತಾರೆ. “ಮಂತ್ರ ಹೇಳ್ತಾರೆ ಅಂತ ಗ್ರಹಿಸಿದ್ದೆ ಮಾರಾಯ್ರೆ. ಕಾರಿಗೆ ಮಾಟ ಗೀಟ ಎಂತಾದ್ರೂ ಮಾಡಿದ್ರೆ ಕಡೆಗೆ ನನ್ನ ತಲೆಗೇ ಅಲ್ವಾ ಬರುವುದು?”

ಮಾಟವಲ್ಲ, ಮುಂಜಾಗ್ರತೆ. ಕಾರು ತೊಳೆಯುವವರ ಪಾಡು ಹೀಗೆ: ಕಾರಿನ ಮೇಲೆ ಹೊಸ ಗೀರು ಕಂಡಾಗ ಮೊದಲು ನೆನಪಾಗುವುದು ಅದನ್ನು ಒರೆಸಿದ ಕೈ. ಅಂಗಡಿಯ ಮುಂದೆ ಬೈಕು ತಾಗಿದ್ದಿರಬಹುದು, ಮಾಲೀಕರೇ ಕಂಬಕ್ಕೆ ಉಜ್ಜಿರಬಹುದು. ಕಣ್ಣಿಗೆ ಬೀಳುವುದು ಮಾತ್ರ ತೊಳೆದು ಶುಭ್ರವಾದ ಮೇಲೆ. ಹಾಗಾಗಿ ಭಾಗವ್ವನ ಕಾನೂನು ಒಂದೇ. ನೀರು ಬೀಳುವ ಮೊದಲು ಒಣ ಕಾರಿಗೆ ಒಂದು ಸುತ್ತು. ಹೊಸದಾಗಿ ಕೆಲಸ ಕೊಟ್ಟ ಮಾಲೀಕರನ್ನೂ ಮೊದಲ ದಿನ ಜೊತೆಗೆ ನಡೆಸುತ್ತಾರೆ. “ನೋಡ್ಕೋರಿ ಸಾಹೇಬ್ರ, ಇವೆಲ್ಲ ನಿಮ್ಮುವು. ಇನ್ನ ಮ್ಯಾಲೆ ಬಂದ್ರ ಮಾತಾಡೂಣು” ಎಂದು ಒಂದೊಂದನ್ನೇ ತೋರಿಸುತ್ತಾರೆ.

ಭಾಗವ್ವ ಕೊಪ್ಪಳ ಜಿಲ್ಲೆಯವರು. ಗಂಡ ಯಂಕಪ್ಪನೊಡನೆ ಹನ್ನೆರಡು ವರ್ಷಗಳ ಹಿಂದೆ ಕರಾವಳಿಗೆ ಬಂದು, ಇದೇ ಕಟ್ಟಡ ಏಳುವಾಗ ಇಲ್ಲಿಯೇ ಜಲ್ಲಿ ಹೊತ್ತರು. ಕಟ್ಟಡ ಮುಗಿಯಿತು, ಕೆಲಸದವರೆಲ್ಲ ಚದುರಿದರು. ಯಂಕಪ್ಪ ಕಾರ್ಕಳದ ಕಡೆ ಕಲ್ಲಿನ ಕೆಲಸಕ್ಕೆ ಸೇರಿ ವಾರಕ್ಕೊಮ್ಮೆ ಮನೆಗೆ ಬರುವಂತಾದರು. ಭಾಗವ್ವ ಮಾತ್ರ ತಾವು ಹೊತ್ತ ಜಲ್ಲಿಯ ಕೆಳಗೇ ಉಳಿದರು. “ಯಾವ ಕಂಬದ ಮೂಲಿ ಎಷ್ಟು ಮುಂದ ಬಂದೈತಿ ಅಂತ ಇಂಜಿನೇರಗ ಮರತಿರಬೇಕು, ನನಗ ಮರತಿಲ್ಲ” ಎನ್ನುತ್ತಾರೆ. ನಾಲ್ಕನೆಯ ಕಂಬದ ಮೂಲೆಯಲ್ಲಿ ಕೆಂಪು, ಬಿಳಿ, ಬೂದು ಬಣ್ಣಗಳು ಮೆತ್ತಿಕೊಂಡಿವೆ. ಯಾವ ಬಣ್ಣ ಯಾವ ಕಾರಿನದು, ಯಾರು ಹಿಂದಕ್ಕೆ ತೆಗೆಯುವಾಗ ತಾಗಿಸಿದರು, ಮನೆಯಲ್ಲಿ ಯಾರಿಗೆ ಹೇಳದೆ ಮುಚ್ಚಿಟ್ಟರು, ಎಲ್ಲವೂ ಅವರಿಗೆ ಗೊತ್ತು. ಹೇಳುವುದಿಲ್ಲ. “ಕೇಳಿದವ್ರಿಗೆ ಅಷ್ಟಾ ಹೇಳಬೇಕ್ರಿ. ಯಾರೂ ಕೇಳಂಗಿಲ್ಲ.”

ಹತ್ತೊಂಬತ್ತು ಕಾರು. ಒಂದಕ್ಕೆ ಎರಡು ಬಕೆಟ್ ನೀರು. ಮೂರು ಬಟ್ಟೆ: ಮೇಲಿನ ಮೈಗೆ ಒಂದು, ಚಕ್ರದ ಬದಿಗೆ ಒಂದು, ಗಾಜಿಗೆ ಒಂದು. ಅದಲುಬದಲಾಗುವಂತಿಲ್ಲ. ಸೋಮವಾರ ಬಂತೆಂದರೆ ಮೈಯೆಲ್ಲ ಎಚ್ಚರ. ಭಾನುವಾರ ಸಂಜೆ ಕಾಪುವಿನ ಕಡಲಬದಿಗೆ ಹೋಗಿಬಂದ ಕಾರುಗಳಲ್ಲಿ ಮರಳು ಕೂತಿರುತ್ತದೆ. ಒಂದು ಕಾಳು ಮರಳು ಬಟ್ಟೆಗೆ ಸಿಕ್ಕಿದರೂ ಸಾಕು, ಕೈ ತಿರುಗಿದಲ್ಲೆಲ್ಲ ಬಳೆಯಂಥ ದುಂಡು ಗೀರು. ಅದಕ್ಕೇ ಮೊದಲು ಬರೀ ನೀರು, ಆಮೇಲೆ ಬಟ್ಟೆ. ಎಂಟೂವರೆಗೆ ಕೆಲಸ ಮುಗಿಸಿ ಪರ್ಕಳದ ಬಾಡಿಗೆ ಕೋಣೆಗೆ ಹೊರಡುವಾಗ ಬೆರಳುಗಳು ಬಿಳಿಚಿ ಸುಕ್ಕಾಗಿರುತ್ತವೆ. ವಾರಕ್ಕೊಮ್ಮೆ ಬರುವ ಗಂಡ ಅದನ್ನು ನೋಡಿಯೂ ಛೇಡಿಸುವುದನ್ನು ಬಿಡುವುದಿಲ್ಲ. “ಕಾರ್ ತೊಳಿಯಾಕಿ ಅಲ್ಲ ಈಕಿ, ಪೊಲೀಸ್ನಾಕಿ. ನನ್ನ ಅಂಗಿಗೆ ಹೊಸಾ ಕಲಿ ಬಿದ್ರೂ ಎಲ್ಲಿಂದ ಬಂತು ಅಂತ ಕೇಳ್ತಾಳ.”

ಇಷ್ಟೆಲ್ಲ ಎಚ್ಚರದ ಭಾಗವ್ವನಿಗೂ ಈ ವರ್ಷ ಒಂದು ಕಾರು ಕಂಟಕವಾಗಿ ಬಂತು.

ಮೂರನೆಯ ಮಹಡಿಯ ಧನರಾಜ್ ಉಡುಪಿಯ ಔಷಧದಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಕಾಪುವಿನ ಮೀನುಗಾರ ಮನೆತನದವರು. ಜನವರಿಯಲ್ಲಿ ಕಾರ್ಕಳದ ಕಡೆ ಹಳೆ ಕಾರು ಮಾರುವ ಒಬ್ಬರಿಂದ ಎಂಟು ವರ್ಷ ಓಡಿದ ಕಡುನೀಲಿ ಕಾರು ತಂದರು. ಮನೆಯ ಮೊದಲ ಕಾರು. ಭಾಗವ್ವ ಮೊದಲ ದಿನ ಸುತ್ತು ಬಂದರು. ಒಂದು ಗೀರೂ ಇಲ್ಲ. ಧನರಾಜ್ ಎದೆಯುಬ್ಬಿಸಿ ನಿಂತಿದ್ದರು. ಭಾಗವ್ವನಿಗೆ ಒಳಗೊಳಗೇ ಅಳುಕು. ಎಂಟು ವರ್ಷ ಊರು ಸುತ್ತಿದ ಗಾಡಿಗೆ ಒಂದು ಉಗುರಿನ ಗುರುತೂ ಇಲ್ಲವೆಂದರೆ ಹೇಗೆ? ನೀರು ಹಾಕಿದಾಗ ಅಳುಕು ಇನ್ನೂ ಹೆಚ್ಚಾಯಿತು. ಎಲ್ಲ ಕಡೆ ಹನಿಹನಿಯಾಗಿ ಕೂತ ನೀರು ಮೂರು ಕಡೆ ಮಾತ್ರ ನಿಲ್ಲದೆ ಜಾರುತ್ತಿತ್ತು. “ಎಣ್ಣಿ ಹಚ್ಚಿದ ತೆಲಿ ಮ್ಯಾಲೆ ನೀರು ನಿಲ್ಲಂಗಿಲ್ಲಲ್ರಿ, ಹಂಗ. ಅವತ್ತಾ ಹೇಳಬೇಕಾಗಿತ್ತು. ಅವ್ರ ಖುಷಿ ನೋಡಿ ಬಾಯಿ ಬರಲಿಲ್ಲ. ಅದಾ ನನ್ನ ತಪ್ಪು.”

ಐದನೆಯ ದಿನ ಬಲಬದಿಯ ಬಾಗಿಲಿನಲ್ಲಿ ಗೇಣುದ್ದದ ಬಿಳಿ ಗೀರು ಕಂಡಿತು.

“ಎಂತ ಇದು?” ಧನರಾಜ್ ಕೇಳಿದರು. “ತರುವಾಗ ಇರಲಿಲ್ಲ. ನೀವೇ ನೋಡಿದ್ದೀರಿ ಅಲ್ವಾ? ನಿಮ್ಮ ಕೈ ಬಿಟ್ಟರೆ ಬೇರೆ ಯಾರ ಕೈ ಬಿದ್ದಿದೆ ಇದಕ್ಕೆ?”

ಭಾಗವ್ವನದೇ ಸುತ್ತು, ಅವರ ಮೇಲೆಯೇ ಸಾಕ್ಷಿಯಾಗಿ ನಿಂತಿತು. ಕ್ಯಾಮೆರಾ ನೋಡೋಣವೆಂದರೆ ಅದು ತೋರಿಸುವುದು ಗೇಟನ್ನು ಮಾತ್ರ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಲವೀನಾ ಮೆತ್ತಗೆಯೇ ಹೇಳಿದರು: “ಯಾರನ್ನೂ ದೂರುವುದಲ್ಲ ಭಾಗಮ್ಮ. ಭಾನುವಾರ ಮೀಟಿಂಗ್ ಉಂಟು. ಅಲ್ಲಿವರೆಗೆ ನೀವು ಯಾವ ಕಾರನ್ನೂ ಮುಟ್ಟುವುದು ಬೇಡ.” ಒಂದು ಕಾರಿನ ಮಾತು ಹತ್ತೊಂಬತ್ತಕ್ಕೂ ಹಬ್ಬಿತು. ಇಲ್ಲಿ ಕೆಟ್ಟ ಹೆಸರು ಬಂದರೆ ಪಕ್ಕದ ಕಟ್ಟಡದವರೂ ಗೇಟಿನೊಳಗೆ ಬಿಡುವುದಿಲ್ಲ.

ಆ ನಾಲ್ಕು ದಿನ ಭಾಗವ್ವ ಎಲ್ಲರನ್ನೂ ಅನುಮಾನಿಸಿದರು. ಧನರಾಜ್ ಬೇಕೆಂದೇ ತಪ್ಪನ್ನು ತಮ್ಮ ಮೇಲೆ ಹೊರಿಸಿ ತಮ್ಮ ದುಡ್ಡಿನಲ್ಲಿ ಬಣ್ಣ ಹಾಕಿಸಿಕೊಳ್ಳಲು ನೋಡುತ್ತಿದ್ದಾರೆಯೇ? ಡೊಮಿನಿಕ್ ಸೈಕಲ್ ತಾಗಿಸಿ ಸುಮ್ಮನಿದ್ದಾರೆಯೇ? ಲವೀನಾ ತಮ್ಮ ಊರಿನ ಕಡೆಯ ಯಾರನ್ನಾದರೂ ಈ ಕೆಲಸಕ್ಕೆ ತರುವ ಯೋಚನೆಯಲ್ಲಿದ್ದಾರೆಯೇ? ಕೊನೆಗೆ ಅನುಮಾನ ತಮ್ಮ ಕೈಯ ಮೇಲೆಯೇ ಬಂತು. ಮೂರೂ ಬಟ್ಟೆಗಳನ್ನು ಕಲ್ಲಿನ ಮೇಲೆ ಒಗೆದು, ಒಣಗಿಸಿ, ಒಂದೊಂದನ್ನೂ ಕೆನ್ನೆಗೆ ತಿಕ್ಕಿ ನೋಡಿಕೊಂಡರು, ಎಲ್ಲಾದರೂ ಮರಳಿನ ಕಾಳು ಉಳಿದಿದೆಯೇ ಎಂದು. ಪರ್ಕಳದ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಮಗಳು ಮಹಾಲಕ್ಷ್ಮಿ ಕೇಳಿದಳಂತೆ: “ಯವ್ವಾ, ನೀನಾ ಮಾಡಿದ್ಯೇನು?” ಭಾಗವ್ವ ಈಗ ಹೇಳುತ್ತಾರೆ: “ಆಕಿನೂ ಕೇಳಿದ್ಳಲ್ಲ ಅಂತ ಸಿಟ್ಟು ಬಂತು. ಆಮ್ಯಾಲೆ ಅನಿಸ್ತು, ಕೇಳೂದಾ ಛಲೋ. ಮಂದಿ ಕೇಳಂಗಿಲ್ಲ, ಅಂದಬಿಡ್ತಾರ.”

ಭಾನುವಾರ ನೆಲಮಾಳಿಗೆಯಲ್ಲೇ ಸಭೆ. ಅದೇ ದಿನ ಧನರಾಜ್ ಅವರ ತಾಯಿ ಕಮಲ ಕಾಪುವಿನಿಂದ ಬಸ್ಸಿನಲ್ಲಿ ಮಗನಿಗೆ ಬಂಗುಡೆ ತಂದಿದ್ದರು. ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಕೈಯಲ್ಲಿ ಚೀಲ ಹಿಡಿದೇ ಜನರ ನಡುವೆ ಬಂದು ನಿಂತು, ಸಂಗತಿಯೆಲ್ಲ ಕೇಳಿಸಿಕೊಂಡರು.

ಭಾಗವ್ವ ಆಡಿದ್ದು ನಾಲ್ಕೇ ಮಾತು. “ನಾ ಕಾರ್ ಮುಟ್ಟಂಗಿಲ್ಲ. ಇನ್ನೂ ಎರಡು ಗೀರು ಅದಾವ. ಒಂದು ಎಡಗಡೆ ಮುಂದಿನ ಗಾಲಿ ಮ್ಯಾಲೆ, ಒಂದು ಹಿಂದಿನ ಬಾಗಿಲಿನ ತುದೀಗೆ. ಮಾರಿದವ್ರು ಬಣ್ಣದ ಮೇಣ ಹಚ್ಚಿ ಮುಚ್ಯಾರ. ಸಾಹೇಬ್ರಾ ಒರಸಿ ನೋಡ್ಲಿ.”

ಧನರಾಜ್ ಕದಲಲಿಲ್ಲ. ಇದೂ ಒಂದು ಉಪಾಯವಿರಬಹುದೆಂದು ಅವರಿಗೆ ಅನುಮಾನ. ಮೊದಲೇ ಗೀಚಿಟ್ಟು ಈಗ ತೋರಿಸುತ್ತಿದ್ದರೆ? “ಇವರಿಗೆ ಅಷ್ಟು ಸರಿಯಾಗಿ ಹೇಗೆ ಗೊತ್ತು?” ಎಂದು ಸಭೆಯನ್ನೇ ಕೇಳಿದರು. ಒಂದಿಬ್ಬರು ತಲೆಯಾಡಿಸಿದರು.

ಆಗ ಕಮಲ ಮೀನಿನ ಚೀಲವನ್ನು ಮಗನ ಕೈಗೆ ಕೊಟ್ಟು ಕಾರಿನ ಬಳಿ ಹೋದರು. ಮುಂದಿನ ಗಾಲಿಯ ಮೇಲಿನ ತಗಡಿಗೆ ಉಗುರಾಡಿಸಿದರು. ಉಗುರಿನ ಸಂದಿಗೆ ನೀಲಿ ಜಿಡ್ಡು ಬಂತು. ಮೂಸಿ ನೋಡಿದರು. ಗೇಟಿನ ತುಕ್ಕಿಗೆಂದು ಡೊಮಿನಿಕ್ ಇಟ್ಟುಕೊಂಡಿದ್ದ ಸೀಮೆಎಣ್ಣೆಯನ್ನು ತರಿಸಿ, ಚಿಂದಿಯನ್ನು ಅದ್ದಿ ಉಜ್ಜಿದರು. ಬಟ್ಟೆ ನೀಲಿಯಾಯಿತು, ಕಾರಿನ ಮೇಲೆ ಬಿಳಿ ಗೆರೆ ಎದ್ದಿತು. ಹಿಂದಿನ ಬಾಗಿಲಿನ ತುದಿಯಲ್ಲೂ ಅಷ್ಟೆ. ಆ ಗೆರೆಯ ಒಳಗೆ ತುಕ್ಕು ಕೂಡ ಇತ್ತು, ಕಂದಿ ಕಪ್ಪಾಗಿದ್ದ ವರ್ಷಗಳ ಹಿಂದಿನ ತುಕ್ಕು.

ಮಗನೊಡನೆ ತುಳುವಿನಲ್ಲೇ ಮಾತನಾಡುವ ಕಮಲ ಅಂದು ಕನ್ನಡದಲ್ಲೇ ಬೈದರು. ಭಾಗವ್ವನಿಗೂ ಅರ್ಥವಾಗಲಿ ಎಂದೇ ಇರಬೇಕು. “ಹೊಳೆಯುವುದೆಲ್ಲ ತಾಜಾ ಅಂತ ನಿನಗೆ ಯಾರು ಹೇಳಿದ್ದು? ಮೂವತ್ತು ವರ್ಷ ಮೀನು ಮಾರಿದವಳ ಮಗ ಕಿವಿರು ಎತ್ತಿ ನೋಡದೆ ತಂದಿಯಲ್ಲ! ಮೋಸ ಮಾಡಿದವನು ಕಾರ್ಕಳದಲ್ಲಿ ಆರಾಮ ಇದ್ದಾನೆ, ನೀನು ಬಕೆಟ್ ಹಿಡಿದವಳನ್ನು ಹಿಡಿಯುತ್ತೀಯಾ?” ಆಮೇಲೆ ಭಾಗವ್ವನ ಕಡೆ ತಿರುಗಿದರು. “ನೀನು ಸಹ ಸರಿ ಇಲ್ಲ ಮಾರಾಯ್ತಿ. ಗೊತ್ತಾದ ದಿನವೇ ಬಾಯಿ ಬಿಡಬೇಕಿತ್ತು.”

ಸಭೆ ಮುಗಿಯಿತು. ಕ್ಷಮೆ ಕೇಳುವ ಕಲಾಪವೇನೂ ನಡೆಯಲಿಲ್ಲ. ನಾಳೆಯಿಂದ ಬನ್ನಿ ಎಂದು ಲವೀನಾ ಹೇಳಿದರು, ಅಷ್ಟೆ.

ಮೂರೂ ಗೀರಿಗೆ ಬಣ್ಣ ಹಾಕಿಸಬೇಕೆಂದು ಧನರಾಜ್ ಹೊರಟಿದ್ದರು. ತಡೆದವರು ಕಮಲ: ತುಕ್ಕಿದ್ದಲ್ಲಿ ಮಾತ್ರ ತಿಕ್ಕಿ ಬಣ್ಣ ಮುಟ್ಟಿಸು, ಉಳಿದದ್ದು ಇರಲಿ, ಗೀರಿಗೆ ಎಂಜಿನ್ ನಿಲ್ಲುವುದಿಲ್ಲ. ಈಗ ಆ ಕಾರು ಎರಡು ಬಿಳಿ ಗೆರೆ, ಬಣ್ಣ ಸರಿಹೊಂದದ ಒಂದು ತೇಪೆ ಹೊತ್ತು ಉದ್ಯಾವರ ದಾಟಿ ಕಾಪುವಿಗೂ ಉಡುಪಿಗೂ ಓಡಾಡುತ್ತಿದೆ. “ನನಗ ಗೀರಿದ್ದ ಕಾರಿನ ಹೆದರಿಕಿ ಇಲ್ರಿ” ಎನ್ನುತ್ತಾರೆ ಭಾಗವ್ವ. “ಲಕಲಕ ಅನ್ನೋದು ಬಂತಂದ್ರ ಎದಿ ಡವ್ ಅಂತೈತಿ.”

ಫೋಟೊ ತೆಗೆಯಲು ಅವರು ಒಪ್ಪುವುದಿಲ್ಲ. “ಬ್ಯಾಡ್ರಿ. ಕಾರಿನ ಜೋಡಿ ನಿಂತದ್ದು ಪೇಪರಿನ್ಯಾಗ ಬಂದ್ರ, ನಾನಾ ಗೀಚೀನಿ ಅಂತ ಅದನ್ನಾ ತೋರಸ್ತಾರ.”

ಕಳೆದ ತಿಂಗಳು ಒಂದು ಬೆಳಗ್ಗೆ ನೀಲಿ ಕಾರಿನ ವೈಪರಿಗೆ ಒಂದು ಚೀಟಿ ಸಿಕ್ಕಿಸಿತ್ತು. ಓದು ಬಾರದ ಭಾಗವ್ವ ಅದನ್ನು ಹಿಡಿದು ಗೇಟಿಗೆ ಓಡಿದರು. ಕೆಲಸದಿಂದ ತೆಗೆದರೆಂದೇ ಲೆಕ್ಕ. ಡೊಮಿನಿಕ್ ಓದಿ ಹೇಳಿದರು: “ಭಾಗಕ್ಕ, ಹಿಂದಿನ ಬಂಪರಿನ ಬಲಮೂಲೆ ನೋಡಿ. ನಾಲ್ಕನೇ ಕಂಬಕ್ಕೆ ತಾಗಿಸಿದ್ದು ನಾನೇ. ಧನರಾಜ್.” ಡೊಮಿನಿಕ್ ಚೇಷ್ಟೆ ಮಾಡುತ್ತಿರಬೇಕೆಂದು ಭಾಗವ್ವನಿಗೆ ಅನುಮಾನ. ಬೆಳಗಿನ ನಡಿಗೆಗೆ ಇಳಿದ ಲವೀನಾ ಅವರನ್ನು ತಡೆದು ಓದಿಸಿದರು. ಲವೀನಾ ಅದನ್ನೇ ಓದಿದರು, ಚೀಟಿಯನ್ನು ಮಡಚಿ ಹಿಂದಕ್ಕೆ ಕೊಟ್ಟರು. ಸಂಜೆ ಮಹಾಲಕ್ಷ್ಮಿಯ ಸರದಿ.

“ಮೂರೂ ಮಂದಿ ಒಂದಾ ನಮೂನಿ ಓದಿದ್ರು. ಅಂದ್ರ ಖರೇನ ಇರಬೇಕು.” ಅವರ ಮುಖದಲ್ಲಿ ನಗು ಸುಳಿದು ಮಾಯವಾಗುತ್ತದೆ. ಉಳಿದ ಹದಿನೆಂಟು ಮಂದಿಯೂ ಹೀಗೆ ಒಂದೊಂದು ಚೀಟಿ ಇಟ್ಟರೆ ಸಾಕು, ಬೇರೇನೂ ಬೇಡವಂತೆ. ಆ ಚೀಟಿ ಈಗ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನೊಳಗೆ, ಸೊಂಟದ ಚೀಲದಲ್ಲಿದೆ.

“ಇರ್ಲಿ ಬಿಡ್ರಿ” ಎನ್ನುತ್ತಾ ಭಾಗವ್ವ ಮುಂದಿನ ಕಾರಿನ ಕಡೆ ನಡೆಯುತ್ತಾರೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. “ನಾಳೆ ಬರದವ್ರಾ ಮರತ್ರ?”