ಮುಂಚೆ ಮೇಷ್ಟ್ರು

ನಮ್ಮ ಇತಿಹಾಸದ ಮೇಷ್ಟ್ರ ಎಡಹುಬ್ಬಿನ ತುದಿಯಲ್ಲಿ ಒಂದೇ ಒಂದು ಬಿಳಿ ಕೂದಲು ಉದ್ದಕ್ಕೆ ಚಾಚಿಕೊಂಡಿತ್ತು. ಅವರು ಪ್ರಶ್ನೆ ಕೇಳುವಾಗ ಅದು ನೆಟ್ಟಗೆ ನಿಲ್ಲುತ್ತಿತ್ತು. ಪ್ರಶ್ನೆಯೂ ಒಂದೇ: "ಅದಕ್ಕೂ ಮುಂಚೆ?"

ಮಲ್ಲಿಪಟ್ಟಣದ ಹೈಸ್ಕೂಲಿನಲ್ಲಿ ನಾವು "ಆ ರಾಜ ಈ ರಾಜನ ಮೇಲೆ ದಂಡೆತ್ತಿ ಓದ ಸಾ" ಎಂದರೆ ಸಾಲದು. ಅದಕ್ಕೂ ಮುಂಚೆ ಈ ರಾಜ ಏನು ಮಾಡಿದ್ದ? ಅದಕ್ಕೂ ಮುಂಚೆ ಇವನ ತಾತ? ಹೀಗೆ ಹಿಂದಕ್ಕೆ ನಡೆದು ನಡೆದು, ಪರೀಕ್ಷೆ ಬಂದರೂ ನಮ್ಮ ತರಗತಿಗೆ ಸ್ವಾತಂತ್ರ್ಯ ಬಂದಿರಲಿಲ್ಲ. ನಾವು ಅವರಿಗೆ 'ಮುಂಚೆ ಮೇಷ್ಟ್ರು' ಎಂದು ಹೆಸರಿಟ್ಟೆವು. ಅದು ಕಿವಿಗೆ ಬಿದ್ದಾಗ ಕೋಪಿಸಿಕೊಳ್ಳಲಿಲ್ಲ, "ಅದಕ್ಕೂ ಮುಂಚೆ ಏನಂತಿದ್ರಿ?" ಎಂದು ಕೇಳಿದರು.

ಅವರ ಮನೆ ನಮ್ಮ ಪಕ್ಕದ್ದೇ. ನಿವೃತ್ತರಾದ ಮೇಲೆ ದಿನಾ ನಮ್ಮ ಜಗಲಿಗೆ ಪೇಪರ್ ಓದಲು ಬರುತ್ತಿದ್ದರು. "ಕಥೆ ಎಲ್ಲಿಂದ ಶುರು ಮಾಡ್ತೀವೋ ಅದರ ಮೇಲೆ ಕಳ್ಳ ಯಾರು ಅಂತ ತೀರ್ಮಾನ ಆಗುತ್ತೆ ಕಣಮ್ಮ. ಎಲ್ಲಾ ದೇಶದೋರೂ ತಮಗೆ ಏಟು ಬಿದ್ದ ದಿನದಿಂದ್ಲೇ ಶುರು ಮಾಡ್ತಾರೆ," ಎಂದು ನನಗೆ ಹೇಳುತ್ತಿದ್ದರು.

ಆಗ ಚಿಕ್ಕಪ್ಪನ ಮಗಳ ಮದುವೆ ಅರಕಲಗೂಡಿನ ಛತ್ರದಲ್ಲಿ ನಿಶ್ಚಯವಾಗಿತ್ತು. ಅಪ್ಪ, ಚಿಕ್ಕಪ್ಪ ಮಾತು ಬಿಟ್ಟು ಎಷ್ಟೋ ವರ್ಷ. ಮನೆಯವರು ಯಾರೂ ಹೋಗಕೂಡದೆಂದು ಅಪ್ಪನ ಅಪ್ಪಣೆಯಾಗಿತ್ತು. ಅವಳ ಜೊತೆ ಆಡಿ ಬೆಳೆದ ನನಗೆ ಅಳುವೇ ಬರುತ್ತಿತ್ತು. ಅಮ್ಮ ರೇಷ್ಮೆ ಸೀರೆಯನ್ನು ಸದ್ದಿಲ್ಲದೆ ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದಳು.

ಅವತ್ತು ಪೇಪರಿನ ತುಂಬ ಎರಡು ದೇಶಗಳ ಗಡಿಜಗಳದ ಸುದ್ದಿ. "ಮೊದ್ಲು ಕೈ ಮಾಡ್ದೋನ್ದೇ ತಪ್ಪು ಕಣ್ ಸಾ," ಎಂದು ಅಪ್ಪ ತೀರ್ಪು ಕೊಟ್ಟ. ಮೇಷ್ಟ್ರ ಹುಬ್ಬಿನ ಕೂದಲು ಎದ್ದು ನಿಂತಿತು.

"ಮದುವೆಗೆ ಯಾಕೆ ಹೋಗಲ್ಲ ಗೌಡ್ರೇ?"

"ಬಾಗ್ಲಿಗ್ ಬಂದು ಕರೀನಿಲ್ಲ. ಲಗ್ನಪತ್ರಿಕೆ ಬ್ಯಾರೆಯೋರ ಕೈಲಿ ಕಳ್ಸವ್ನೆ."

"ಅದಕ್ಕೂ ಮುಂಚೆ?"

"ನಮ್ ಹೊಸ ಮನೆ ಒಕ್ಲಿಗೆ ನಾನು ಕರ್ದಿರ್ನಿಲ್ಲ."

"ಅದಕ್ಕೂ ಮುಂಚೆ?"

"ಇಬ್ರ್ ಒಲದ್ ನಡುವಿನ್ ಬದದ್ ಮೇಲಿನ್ ಅಲಸಿನ್ ಮರ ಕಡ್ದಾಕ್ಬುಟ್ಟ!"

"ಅದಕ್ಕೂ ಮುಂಚೆ?"

"ಬದನೇ ಇರ್ನಿಲ್ಲ ಸಾ. ಇಬ್ರೂ ಒಂದೇ ತಟ್ಟೇಲಿ ಉಣ್ತಿದ್ವಿ."

"ಇಷ್ಟು ಹಿಂದಕ್ಕೆ ಹೋಗೋಕೆ ಆ ದೇಶದೋರಿಗೆ ಪುರುಸೊತ್ತಿಲ್ಲ ನೋಡಿ," ಎಂದು ಮೇಷ್ಟ್ರು ಪೇಪರ್ ಮಡಿಸಿದರು.

ಒಳಗಿನಿಂದ ಅಮ್ಮ ಕೂಗಿದಳು: "ಅಂಗೇ ಎಷ್ಟ್ ಗಂಟೆ ಬಸ್ಸಿಗೆ ಓಗದು ಅಂತಾನೂ ಕೇಳಿ ಸಾ!"

ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದ ಚಿಕ್ಕಪ್ಪ, ಅಣ್ಣನನ್ನು ಕಂಡವನೇ ಗಾಬರಿಯಲ್ಲಿ ಅರ್ಧ ದಾನಿ ಪನ್ನೀರನ್ನು ಅವನ ತಲೆಯ ಮೇಲೇ ಸುರಿದುಬಿಟ್ಟ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹನ್ನೊಂದನೇ ದಿನದ ತಿಥಿಯ ಊಟಕ್ಕೆ ಅಪ್ಪ, ಚಿಕ್ಕಪ್ಪ ಒತ್ತಾಗಿ ಕೂತಿದ್ದರು. ಎದುರು ಸಾಲಿನಲ್ಲಿದ್ದ ಚಿಕ್ಕಪ್ಪನ ಅಳಿಯ, ಅದೇ ಮದುವೆಯ ಗಂಡು, ಎಲ್ಲಿಯದೋ ಯುದ್ಧದ ವಿಡಿಯೋ ತೋರಿಸುತ್ತ ಅಬ್ಬರಿಸಿದ: "ನೋಡಿ ಮಾವ, ಮೊದ್ಲು ಶುರು ಮಾಡಿದ್ದು ಅವ್ರೇ!"

ಅಣ್ಣ ತಮ್ಮ ಇಬ್ಬರೂ ಎಲೆಯಿಂದ ತಲೆಯೆತ್ತಿದರು. ಇಬ್ಬರ ಬಾಯಲ್ಲೂ ಒಂದೇ ಸಲಕ್ಕೆ ಬಂತು: "ಅದ್ಕೂ ಮುಂಚೆ, ಅಳಿಯಂದ್ರೇ?"

ಗೋಡೆಗೊರಗಿ ಕೂತಿದ್ದ ಮೇಷ್ಟ್ರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹನ್ನೊಂದು ದಿನದಲ್ಲಿ ಮೊದಲ ಸಲ ನಕ್ಕರು.